ಸಮಯವೆಂಬ ಸಂಬಂಧ

ಇಂದಿನ ಆಡುಮಾತಿನಲ್ಲಿ ‘ಸಮಯ’ವೆಂದರೆ ಹೊತ್ತು, ಅಷ್ಟೆ, ಆದರೂ ‘ಕವಿಸಮಯ’ವೆಂಬ ಪದದೊಳಗೆ ಅದರ ಹಳೆಯ ಅರ್ಥವೊಂದು ಉಳಿದುಕೊಂಡಿದೆ. ಚಕೋರವು ಬೆಳುದಿಂಗಳನ್ನು ಕುಡಿದು ಬದುಕುವುದೆಂದು ಕವಿಯು ಬರೆದಾಗ ಸಹೃದಯನು ಪ್ರಮಾಣವನ್ನು ಕೇಳುವುದಿಲ್ಲ. ಬರೆಯುವವರೂ ಓದುವವರೂ ಹಾಗೆಂದು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದಾರೆ. ಆ ಒಪ್ಪಿಗೆಯೇ ಸಮಯ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಇಂಥ ಸಮಯದಿಂದ ಉಂಟಾದದ್ದೋ, ಯಾರೂ ಮಾಡದೆ ತಾನಾಗಿಯೇ ಇರುವಂಥದೋ ಎಂಬ ಪ್ರಶ್ನೆಯನ್ನು ಹಿಡಿದು ನೈಯಾಯಿಕರೂ ಮೀಮಾಂಸಕರೂ ಶತಮಾನಗಳ ಕಾಲ ವಾದಿಸಿದರು. ಸಂಬಂಧವು ಔತ್ಪತ್ತಿಕ, ಯಾವ ಪುರುಷನೂ ಕಟ್ಟಿದುದಲ್ಲ, ಎಂದು ಮೀಮಾಂಸಾಸೂತ್ರಕಾರನಾದ ಜೈಮಿನಿಯ ಪಕ್ಷ. ಅದು ಸಾಮಯಿಕವೆಂದು ನ್ಯಾಯಸೂತ್ರಕಾರನಾದ ಗೌತಮನ ಪಕ್ಷ. ಅರ್ಥವು ಶಬ್ದದಲ್ಲಿ ಸ್ವಭಾವದಿಂದಲೇ ನೆಲಸಿದ್ದರೆ ‘ಅನ್ನ’ವೆಂದೊಡನೆ ಬಾಯಿ ತುಂಬಬೇಕಾಗಿತ್ತು, ‘ಬೆಂಕಿ’ಯೆಂದೊಡನೆ ನಾಲಗೆ ಸುಡಬೇಕಾಗಿತ್ತು ಎಂಬ ನೈಯಾಯಿಕರ ಯುಕ್ತಿಯು ವಿದ್ಯಾರ್ಥಿದೆಸೆಯಲ್ಲಿ ನನಗೆ ಗ್ರಂಥದ ಚಮತ್ಕಾರವಾಗಿ ಮಾತ್ರ ತೋರಿತ್ತು. ಅದು ಜೀವಂತವಾದ ಪ್ರಶ್ನೆಯೆಂದು ಮನವರಿಕೆಯಾದುದು ನಮ್ಮ ನಡುಮನೆಯ ಗೋಡೆಗೆ ರೂಟರೆಂಬ ಚಿಕ್ಕ ಪೆಟ್ಟಿಗೆಯೊಂದು ಬಂದ ಮೇಲೆ.

ಆ ಪೆಟ್ಟಿಗೆಯು ಮಾಡುವುದಿಷ್ಟೆ: ಸೆಕೆಂಡಿಗೆ ಸುಮಾರು 240 ಕೋಟಿ ಸಲ, ಅಂದರೆ 2.4 ಗಿಗಾಹರ್ಟ್ಸ್ ವೇಗದಲ್ಲಿ, ಕಂಪಿಸುವ ಅಲೆಗಳನ್ನು ಹೊರಡಿಸುತ್ತದೆ. ಒಂದೊಂದು ಅಲೆಯ ಉದ್ದ ಅರ್ಧ ಗೇಣಿನಷ್ಟು. ಇದೇ ಪೆಟ್ಟಿಗೆಯು 5 ಗಿಗಾಹರ್ಟ್ಸ್ ವೇಗದಲ್ಲಿಯೂ ನುಡಿಯಬಲ್ಲದು. ಆಗ ಅಲೆಯು ಇನ್ನೂ ಕಿರಿದು, ಹೊರುವ ಹೊರೆ ಹೆಚ್ಚು, ಆದರೆ ದಪ್ಪ ಗೋಡೆಗಳೆದುರಿಗೆ ಬೇಗನೆ ಸೋಲುತ್ತದೆ. ಶಬ್ದವು ಕದಂಬದ ಮೊಗ್ಗಿನಂತೆ ಎಲ್ಲ ದಿಕ್ಕಿಗೂ ಏಕಕಾಲದಲ್ಲಿ ಅರಳಿ ಹರಡುತ್ತದೆಂದು ವೈಶೇಷಿಕರು ಹೇಳಿದ ಉಪಮೆಯು ಈ ಅಲೆಗಳಿಗೂ ಸಲ್ಲುತ್ತದೆ. ಆದರೆ ಇದರಿಂದ ಪ್ರಾಚೀನರು ನಿಸ್ತಂತುವಿದ್ಯೆಯನ್ನು ಬಲ್ಲವರಾಗಿದ್ದರೆಂದು ಹೇಳುವುದು ಅವರಿಗೆ ಗೌರವವಲ್ಲ. ಅವರು ಕೇಳಿದ ಪ್ರಶ್ನೆಯ ಆಳವೇ ಅವರ ಗೌರವಕ್ಕೆ ಸಾಕು. ಅಡಿಗೆಮನೆಯಲ್ಲಿ ಹಾಲನ್ನು ಬಿಸಿಮಾಡುವ ಮೈಕ್ರೋವೇವ್ ಒಲೆಯೊಳಗಿನ ಕಂಪನವೂ ಹೆಚ್ಚುಕಡಿಮೆ ಇದೇ ವೇಗದ್ದು, 2.45 ಗಿಗಾಹರ್ಟ್ಸ್, ಅದಕ್ಕಾಗಿಯೇ ಒಲೆಯು ಉರಿಯುವಾಗ ಪಕ್ಕದ ಕೋಣೆಯ ವೈ-ಫೈ ಕೆಲವೊಮ್ಮೆ ತಡವರಿಸುತ್ತದೆ. ಬಲದಲ್ಲಿ ಅಂತರವುಂಟು, ಜಾತಿ ಒಂದೇ. ಒಂದೆಡೆ ಹಾಲನ್ನು ಕಾಯಿಸುವ ಕಂಪನವೇ ಇನ್ನೊಂದೆಡೆ ಮಗಳ ಪತ್ರವನ್ನು ತರುವುದಾದರೆ, ಪತ್ರವನ್ನು ಪತ್ರವಾಗಿಸುವುದು ಕಂಪನವಲ್ಲ. ಯಾವ ಕ್ರಮದ ಏರಿಳಿತಕ್ಕೆ ಯಾವ ಅಕ್ಷರವೆಂದು ಎರಡು ತುದಿಗಳೂ ಮೊದಲೇ ಒಪ್ಪಿಕೊಂಡಿರುವುದು.

ಪೆಟ್ಟಿಗೆಯ ತಳದಲ್ಲಿ ಮುದ್ರಿತವಾಗಿ, ಕೊಂಡವರನ್ನು ಕಂಗೆಡಿಸುವ ‘802.11’ ಎಂಬ ಸಂಖ್ಯೆಯು ಈ ಒಪ್ಪಂದದ ಹೆಸರು. ಐ-ಟ್ರಿಪಲ್-ಇ ಎಂಬ ತಂತ್ರಜ್ಞರ ಸಂಸ್ಥೆಯಲ್ಲಿ 802ನೆಯ ಸಮಿತಿ, ಅದರಲ್ಲಿ 11ನೆಯ ಕಾರ್ಯಮಂಡಲಿ. ಅಷ್ಟೇ ಅದರ ರಹಸ್ಯ. 1997ರಲ್ಲಿ ಮೊದಲ ಒಪ್ಪಂದವಾದಾಗ ವೇಗದ ಮಿತಿ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಒಟ್ಟಿಗೆ ಬಂದ ‘ಎ’ ಮತ್ತು ‘ಬಿ’ ಎಂಬ ಎರಡು ಶಾಖೆಗಳು, ಒಂದು 5 ಗಿಗಾಹರ್ಟ್ಸಿನಲ್ಲಿಯೂ ಮತ್ತೊಂದು 2.4ರಲ್ಲಿಯೂ ನುಡಿದುದರಿಂದ, ಒಂದರ ಮಾತು ಇನ್ನೊಂದರ ಕಿವಿಗೆ ಬೀಳಲೇ ಇಲ್ಲ. ಮುಂದೆ 2003ರಲ್ಲಿ ‘ಜಿ’, 2009ರಲ್ಲಿ ‘ಎನ್’, 2013ರಲ್ಲಿ ‘ಎಸಿ’, 2021ರಲ್ಲಿ ‘ಎಎಕ್ಸ್’ ಬಂದವು. ಈ ಅಕ್ಷರಗಳ ಗೊಂದಲವನ್ನು ನೋಡಿಯೇ 2018ರಲ್ಲಿ ವೈ-ಫೈ ಒಕ್ಕೂಟವು ಇವುಗಳಲ್ಲಿ ಕೊನೆಯ ಮೂರನ್ನು, ‘ಎಎಕ್ಸ್’ ಪೂರ್ಣಗೊಳ್ಳುವ ಮೊದಲೇ, ವೈ-ಫೈ 4, 5, 6 ಎಂದು ಕರೆಯತೊಡಗಿತು.

‘ವೈ-ಫೈ’ ಎಂಬುದಕ್ಕೆ ‘ತಂತಿಯಿಲ್ಲದ ನಿಷ್ಠೆ’ಯೆಂಬರ್ಥದ ಇಂಗ್ಲಿಷ್ ಪದಗಳ ವಿಗ್ರಹವನ್ನು ಹೇಳುವವರು ಬಹಳ ಮಂದಿ, ಅದು ಹಿಂದಿನಿಂದ ಹುಡುಕಿ ಅಂಟಿಸಿದ ವಿಗ್ರಹ. ಹೆಸರಿಡುವುದನ್ನೇ ಕಸುಬಾಗಿ ಉಳ್ಳ ಸಂಸ್ಥೆಯೊಂದು ‘ಹೈ-ಫೈ’ ಎಂಬುದರ ಪ್ರಾಸಕ್ಕೆ ಕಟ್ಟಿಕೊಟ್ಟ ಶಬ್ದವದು. ನಮ್ಮ ಶಾಬ್ದಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ಅವಯವಗಳಿಂದ ಅರ್ಥವನ್ನು ಪಡೆದ ಯೌಗಿಕ ಪದವಲ್ಲ. ಒಪ್ಪಿಗೆಯಿಂದಲೇ ನಿಂತ ರೂಢಿ ಪದ. ಅರ್ಥವಿಲ್ಲದೆ ಹುಟ್ಟಿದ ಆ ಎರಡು ಅಕ್ಷರಗಳನ್ನು ಇಂದು ಹಳ್ಳಿಯ ಮಕ್ಕಳೂ ಬಲ್ಲರು.

ಆದರೆ ಸಮಯವು ಅರ್ಥವನ್ನು ಮಾತ್ರವಲ್ಲ, ಆಚಾರವನ್ನೂ ಕೊಡುತ್ತದೆಂಬುದು ನನ್ನನ್ನು ಹೆಚ್ಚಾಗಿ ಸೆಳೆದ ಸಂಗತಿ. ವಾದಕ್ಕೆ ಕುಳಿತವರು ಮೊದಲು ಸಮಯಬಂಧವನ್ನು ಮಾಡಿಕೊಳ್ಳುವುದುಂಟಷ್ಟೆ. ಅದರಂತೆಯೇ ಈ ಯಂತ್ರಗಳೂ. ನುಡಿಯಬೇಕೆಂದಿರುವ ಯಂತ್ರವು ಮೊದಲು ಕಿವಿಗೊಡತಕ್ಕದ್ದು. ಬೇರೊಬ್ಬರ ಮಾತು ನಡೆಯುತ್ತಿದ್ದರೆ ಸುಮ್ಮನಿರತಕ್ಕದ್ದು. ಮೌನವಾದ ಮೇಲೂ ಯಾವುದೋ ಒಂದು ಸಂಖ್ಯೆಯಷ್ಟು ಕ್ಷಣಗಳನ್ನು ಎಣಿಸಿ ಆಮೇಲೆ ಬಾಯಿತೆರೆಯತಕ್ಕದ್ದು. ‘ಕೇಳಿಸಿತು’ ಎಂಬ ಉತ್ತರವು ಬಾರದಿದ್ದರೆ ಮೊದಲಿಗಿಂತ ದೀರ್ಘವಾಗಿ ಕಾಯಲು ಸಿದ್ಧವಾಗಿ ಮತ್ತೆ ನುಡಿಯತಕ್ಕದ್ದು. ಇದನ್ನು ನಡೆಸುವ ಸಭಾಪತಿ ಯಾರೂ ಇಲ್ಲ. ಈ ಅಲೆಗಳ ವಲಯವನ್ನು ಅಮೆರಿಕ 1985ರಲ್ಲಿ ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ನಮ್ಮ ದೇಶವೂ 2.4 ಗಿಗಾಹರ್ಟ್ಸಿನ ವಲಯವನ್ನು 2005ರಲ್ಲಿ ಹಾಗೆಯೇ ಬಿಟ್ಟುಕೊಟ್ಟಿತು. ಒಡೆಯನಿಲ್ಲದ ಆಕಾಶದಲ್ಲಿ ನಮ್ಮ ಪೆಟ್ಟಿಗೆಯೂ ನೆರೆಮನೆಯವರದೂ ಗೋಡೆಯಾಚೆಯ ಅಂಗಡಿಯದೂ ಒಂದರ ಮಾತಿಗೆ ಒಂದು ತಲೆಬಾಗಿ ಬದುಕುತ್ತಿವೆ.

ಎಲ್ಲ ಸಮಯವೂ ಸತ್ಸಮಯವಲ್ಲವೆಂಬುದನ್ನೂ ಹೇಳಬೇಕು. ಮೊದಲ ಒಪ್ಪಂದದೊಂದಿಗೆ ಬಂದ ವೆಪ್ ಎಂಬ ಗೋಪನವಿಧಾನವು ತಂತಿಗೆ ಸಮಾನವಾದ ಗುಟ್ಟನ್ನು ಹೆಸರಿನಲ್ಲಿಯೇ ಸಾರಿತ್ತು; 2001ರಲ್ಲಿ ಗಣಿತಜ್ಞರು ಅದರ ಬಿರುಕನ್ನು ತೋರಿಸಿದ ಮೇಲೆ ಆ ಮಾತು ಪೊಳ್ಳಾಯಿತು. ಆದಕಾರಣ ಮನೆಯ ಪೆಟ್ಟಿಗೆಯ ಆಯ್ಕೆಗಳಲ್ಲಿ ಅದರ ಬದಲಿಗೆ ಬಂದ ಗೋಪನವಿಧಾನಗಳಾದ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇದೆಯೇ ಎಂದು ಗೃಹಸ್ಥನು ನೋಡಿಕೊಳ್ಳಬೇಕಾದುದು ಕರ್ತವ್ಯ. ತನ್ನ ಮನೆಯವರ ಮಾತು ಬೀದಿಗೆ ಬೀಳದಂತೆ ಕಾಯುವುದು ಅವನ ಭಾರ.

ಅರ್ಥವೂ ಆಚಾರವೂ ಸಮಯದಿಂದಲೇ ಎನ್ನುವುದಾದರೆ ಗೌತಮನೇ ಗೆದ್ದನೆ? ಬಹುದಿನ ಹಾಗೆಯೇ ಎಣಿಸಿದ್ದೆ. ಈಗ ಜೈಮಿನಿಯ ಮಾತನ್ನು ಅಷ್ಟು ಸುಲಭವಾಗಿ ಬಿಡಲಾರೆ. ಸಮಿತಿಯಲ್ಲಿ ಕುಳಿತು ಒಪ್ಪಿದವರು ಕೆಲವರು. ಆ ಮೇಲೆ ಬಂದ ಪ್ರತಿಯೊಂದು ಯಂತ್ರಕ್ಕೂ ಆ ಸಂಬಂಧವು ಹುಟ್ಟಿನೊಡನೆಯೇ ಬಂದದ್ದು, ತಾನು ಮಾಡಿದುದಲ್ಲ. ನಾವು ಕನ್ನಡವನ್ನು ಪಡೆದುದೂ ಹೀಗೆಯೇ. ‘ನೀರು’ ಎಂಬುದಕ್ಕೆ ಸಮ್ಮತಿ ಕೊಟ್ಟ ನೆನಪು ನಮ್ಮಲ್ಲಿ ಯಾರಿಗಿದೆ? ಮಾಡಿದವರ ಕಡೆಯಿಂದ ನೋಡಿದರೆ ಸಾಮಯಿಕ, ಪಡೆದವರ ಕಡೆಯಿಂದ ನೋಡಿದರೆ ಔತ್ಪತ್ತಿಕ.

ಮಗನು ವಿದ್ಯಾರ್ಥಿಯಾಗಿದ್ದಾಗ ಬಳಸಿದ, 2007ರಲ್ಲಿ ಕೊಂಡ ಲ್ಯಾಪ್‌ಟಾಪೊಂದು ಕಪಾಟಿನಲ್ಲಿತ್ತು. ಅದು ‘ಜಿ’ ಶಾಖೆಯನ್ನು ಮಾತ್ರ ಬಲ್ಲದು. ಕಳೆದ ವಾರ ಅದನ್ನು ತೆಗೆದು ಧೂಳು ಒರಸಿ ವಿದ್ಯುತ್ತಿಗೆ ಕೂಡಿಸಿ ಕುಳಿತೆ. ಅದಕ್ಕಿಂತ ಎಷ್ಟೋ ವರ್ಷ ಕಿರಿಯದಾದ ಗೋಡೆಯ ಪೆಟ್ಟಿಗೆಯು ಸೆಕೆಂಡಿಗೆ ಹತ್ತು ಸಲದಂತೆ ತನ್ನ ಹೆಸರನ್ನು ಸಾರುತ್ತಿದ್ದುದು ಅದಕ್ಕೆ ಕೇಳಿಸಿತು. ಪಾಸ್‌ವರ್ಡನ್ನು ಕೊಟ್ಟೆ. ಪೆಟ್ಟಿಗೆಯು ಅದರ ನಿಧಾನವಾದ ಹಳೆಯ ನುಡಿಯಲ್ಲಿಯೇ ಉತ್ತರವಿತ್ತಿತು. ಅವೆರಡೂ ಮಾತಾಡುವಷ್ಟು ಹೊತ್ತು ಅದೇ ವಲಯದಲ್ಲಿದ್ದ ಮನೆಯ ಹೊಸ ಯಂತ್ರಗಳು ಮೌನವಾಗಿ ಕಾದವು.