ಮಾಳಿಗೆಯ ಸುತ್ತಣ ಗೋಡೆ

ಧರ್ಮೋಪದೇಶಕಾಂಡದಲ್ಲಿ (22:8) ನಾವು ಗಮನಿಸದೆ ದಾಟಿಹೋಗುವ ಆಜ್ಞೆಯೊಂದಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಿಸಬೇಕು. ಇಲ್ಲದಿದ್ದರೆ, ಅಲ್ಲಿಂದ ಬಿದ್ದು ಸತ್ತವನ ರಕ್ತಾಪರಾಧ ಆ ಮನೆಯ ಮೇಲೆ ಬರುವುದು. ಬಿದ್ದವನನ್ನು ಎತ್ತಿ ಉಪಚರಿಸುವುದು ದಯೆ. ಬೀಳುವ ಮುನ್ನವೇ ಗೋಡೆ ಕಟ್ಟುವುದು ಋಣ. ಹಾಗಾದರೆ, ವಿಷವಸ್ತುಗಳನ್ನೂ ಅವುಗಳ ತ್ಯಾಜ್ಯವನ್ನೂ ಇಟ್ಟುಕೊಂಡ ಕಾರ್ಖಾನೆಯು ನೆರೆಯವರಿಗೆ ತೀರಿಸಬೇಕಾದ ಋಣವೇನು?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಚಿಮ್ಮಿತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರ ದುರಸ್ತಿಯಲ್ಲಿತ್ತು. ಶೀತಲಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಇವು ಯಂತ್ರಗಳ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಸೈರನ್ನು. ಊರಿಗೆ ಕೇಳಿಸುವ ಸೈರನ್ನು ಸ್ವಲ್ಪ ಹೊತ್ತು ಕೂಗಿ ನಿಂತಿತು. ಮತ್ತೆ ಕೂಗುವಷ್ಟರಲ್ಲಿ ಅನಿಲವು ಜೋಪಡಿಗಳನ್ನು ಹೊಕ್ಕಿತ್ತು. ಜನರು ದಿಕ್ಕುಗೆಟ್ಟು ಓಡಿದರು. ಓಡಿದಷ್ಟೂ ಉಸಿರು ಹೆಚ್ಚಿತು, ಉಸಿರಿನೊಡನೆ ವಿಷವೂ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದಿದ್ದರೆ ಎಷ್ಟೋ ಜೀವಗಳು ಉಳಿಯಬಹುದಿತ್ತು. ಒಂದು ಪಂಚೆಯ ತುಂಡು, ಒಂದು ಚೆಂಬು ನೀರು! ಅಷ್ಟನ್ನು ಅವರಿಗೆ ಮುಂಚಿತವಾಗಿ ಯಾರೂ ಹೇಳಿರಲಿಲ್ಲ. ಯಾವ ವಿಷಕ್ಕೆ ಮದ್ದು ಕೊಡುತ್ತಿದ್ದೇವೆಂಬುದು ವೈದ್ಯರಿಗೂ ತಿಳಿದಿರಲಿಲ್ಲ.

ಹೇಳಿದರೆ ಜನರು ಸುಮ್ಮನೆ ಭಯಪಡುತ್ತಾರೆ ಎಂಬ ವಾದವುಂಟು. ಅದು ಪೂರ್ಣ ಸುಳ್ಳಲ್ಲ. ಮನೆಯ ಹಿರಿಯರೂ ಮಕ್ಕಳಿಂದ ಕೆಲವನ್ನು ಮುಚ್ಚಿಡುವುದುಂಟು. ಆದರೆ ನೆರೆಯವನು ಮಗುವಲ್ಲ. ಅಪಾಯ ಅವನ ಮೈಮೇಲೆ, ಅರಿವು ಮಾತ್ರ ನಮ್ಮ ಕಪಾಟಿನಲ್ಲಿ ಎಂದಾದರೆ, ಆ ಮೌನವನ್ನು ದಯೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಭೋಪಾಲದ ನಂತರ, 1989ರ ಕೇಂದ್ರ ನಿಯಮಾವಳಿಯು ಇದನ್ನೇ ಕಾನೂನಾಗಿಸಿತು: ಕಾರ್ಖಾನೆಯೊಳಗಿನ ತುರ್ತು ಯೋಜನೆ ಮಾಲೀಕನ ಹೊಣೆ, ಹೊರಗಿನದು ಜಿಲ್ಲಾಡಳಿತದ ಹೊಣೆ, ಅಪಾಯದ ಸ್ವರೂಪವನ್ನೂ ಆಗ ಮಾಡಬೇಕಾದುದನ್ನೂ ಸುತ್ತಲಿನವರಿಗೆ ತಿಳಿಸಲೇಬೇಕು. ನಿಮ್ಮ ಧರ್ಮಕೇಂದ್ರದ ಆಸುಪಾಸಿನಲ್ಲಿ ಅಂತಹ ಕಾರ್ಖಾನೆಯಿದ್ದರೆ, ಅಲ್ಲಿನ ಸೈರನ್ನಿನ ಅರ್ಥ ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತು?

ದುರಂತ ನಡೆದು 40 ವರ್ಷಗಳ ಬಳಿಕ, 2025ರ ಜನವರಿಯಲ್ಲಿ, ಆ ಕಾರ್ಖಾನೆಯಲ್ಲಿ ಉಳಿದಿದ್ದ ಸುಮಾರು 337 ಟನ್ ತ್ಯಾಜ್ಯವನ್ನು ಸುಡಲೆಂದು ಅದೇ ರಾಜ್ಯದ ಪೀಥಂಪುರಕ್ಕೆ ಸಾಗಿಸಿದರು. ಅಪಾಯವಿಲ್ಲವೆಂದು ಸರ್ಕಾರ ಹೇಳಿತು. ಅಲ್ಲಿನ ಜನರು ನಂಬದೆ ಬೀದಿಗಿಳಿದರು. ಭೋಪಾಲದವರಿಗೆ ಯಾರೂ ಏನನ್ನೂ ಹೇಳಿರಲಿಲ್ಲವೆಂಬುದನ್ನು ಅವರು ಮರೆತಿರಲಿಲ್ಲ.