ಉಸಿರು ಕಾಯುವವರಿಗೆ ಸಂಘ ಬೇಕೇ?

ಕಾಗವಾಡ ತಾಲ್ಲೂಕಿನ ಜುಗೂಳದಂಥ ಕೃಷ್ಣಾ ದಂಡೆಯ ಊರುಗಳಲ್ಲಿ ರೋಗಿಯ ಸೇವೆಯೆಂದರೆ ಪುಣ್ಯದ ಕೆಲಸ. ಬಸದಿಯ ಪ್ರವಚನದಲ್ಲೂ ಮಠದ ಆಶೀರ್ವಚನದಲ್ಲೂ ಇದಕ್ಕೆ ಎರಡು ಮಾತಿಲ್ಲ. ಹೀಗಿರುವಾಗ ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುವ, ಆಕ್ಸಿಜನ್ ಅಳೆದು ಕೊಡುವ, ಕಫ ಹೀರಿ ತೆಗೆದು ಶ್ವಾಸದ ಹಾದಿ ತೆರವಾಗಿಡುವ ರೆಸ್ಪಿರೇಟರಿ ಥೆರಪಿಸ್ಟರು ಸಂಘ ಕಟ್ಟಿಕೊಂಡು ಸಂಬಳ, ಹುದ್ದೆ, ನೋಂದಣಿ, ಪಾಳಿಯ ಮಿತಿ ಎಂದು ಬೇಡಿಕೆ ಮುಂದಿಟ್ಟರೆ ಧರ್ಮಭೀರು ಮನಸ್ಸಿಗೆ ಒಂದಿಷ್ಟು ಮುಜುಗರವಾಗುತ್ತದೆ. ಉಸಿರು ಉಳಿಸುವುದಕ್ಕೂ ಲೆಕ್ಕ ಹಚ್ಚುವುದೇ ಎಂಬ ಮುಜುಗರ ಅದು. ಅದನ್ನು ಹಳೇ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಬೆನ್ನಿಗೊಂದು ನಿಜವಾದ ಪ್ರಶ್ನೆಯಿದೆ: ಸೇವೆಯನ್ನು ಧರ್ಮವೆಂದು ತಿಳಿದವರು ತಮ್ಮ ಪರವಾಗಿ ತಾವೇ ಒತ್ತಾಯ ಮಾಡಬಹುದೇ? ಚಿಕ್ಕೋಡಿ, ಅಥಣಿ, ರಾಯಬಾಗ ಭಾಗದ ನೆಲಕ್ಕೆ ತೀರ ಹತ್ತಿರವಾದ ಜೈನ ವಿಚಾರವನ್ನೇ ಆಧಾರವಾಗಿ ಹಿಡಿದು ನೋಡಿದರೆ ಮಾಡಬಹುದು, ಎಷ್ಟೋ ಸಲ ಮಾಡಲೇಬೇಕು ಎಂಬುದು ನನ್ನ ವಾದ. ಆ ಒತ್ತಾಯ ಎಲ್ಲಿ ನಿಲ್ಲಬೇಕೆಂಬುದನ್ನೂ ಅದೇ ವಿಚಾರ ಹೇಳಿಕೊಡುತ್ತದೆ.

ಜೈನ ತತ್ತ್ವ ಜೀವಿಯ ಪ್ರಾಣಗಳನ್ನು ಹತ್ತು ಎಂದು ಎಣಿಸುತ್ತದೆ. ಐದು ಇಂದ್ರಿಯಗಳು, ಮನಸ್ಸು ಮಾತು ಕಾಯಗಳ ಮೂರು ಬಲಗಳು, ಆಯುಷ್ಯ ಮತ್ತು ಶ್ವಾಸೋಚ್ಛ್ವಾಸ. ಒಂದೇ ಇಂದ್ರಿಯವುಳ್ಳ ಜೀವಕ್ಕೆ ಈ ಹತ್ತರಲ್ಲಿ ನಾಲ್ಕು ಮಾತ್ರ ಉಂಟು: ಸ್ಪರ್ಶ, ಕಾಯಬಲ, ಆಯುಷ್ಯ, ಉಸಿರು. ಕಣ್ಣು, ಕಿವಿ, ಮಾತು, ಮನಸ್ಸು ಒಂದೂ ಇಲ್ಲದ ಜೀವಕ್ಕೂ ಉಸಿರಿದೆ ಎಂಬ ಈ ಎಣಿಕೆಯಲ್ಲಿ ದೊಡ್ಡ ಸಮತೆ ಅಡಗಿದೆ. ಪ್ರಜ್ಞೆ ತಪ್ಪಿ, ನಳಿಗೆಯಿಂದಾಗಿ ಮಾತು ನಿಂತು ಮಲಗಿದ ರೋಗಿ ಯಾರ ಕಣ್ಣಿಗೆ ಹೇಗೇ ಕಾಣಲಿ, ಈ ಲೆಕ್ಕದಲ್ಲಿ ಅವನು ಪೂರ್ಣ ಗೌರವಕ್ಕೆ ಅರ್ಹನಾದ ಜೀವ. ಅದಕ್ಕಿಂತ ಮುಖ್ಯವಾದದ್ದು ಹಿಂಸೆಯ ವ್ಯಾಖ್ಯೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಏಳನೆಯ ಅಧ್ಯಾಯದಲ್ಲಿ ಹಿಂಸೆಯನ್ನು ಹೇಳುವಾಗ ದ್ವೇಷವನ್ನು ಮುಂದಿಡುವುದಿಲ್ಲ, ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರಗೇಡಿ ನಡತೆಯಿಂದ ಪ್ರಾಣಕ್ಕೆ ಕುಂದು ತರುವುದೇ ಹಿಂಸೆ. ಮುನಿಗಳು ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆಯಿಡುವುದು, ನವಿಲುಗರಿಯ ಪಿಂಛಿಯಿಂದ ಸವರಿ ಕೂರುವುದು ಇದೇ ಕಾರಣಕ್ಕೆ. ಕೊಲ್ಲುವ ಮನಸ್ಸಿರಲಿಲ್ಲ ಎಂಬ ಸಬೂಬನ್ನು ಈ ಧರ್ಮ ಸುಲಭಕ್ಕೆ ಒಪ್ಪುವುದಿಲ್ಲ. ಎಚ್ಚರವಿತ್ತೇ ಎಂದು ಅದು ಕೇಳುತ್ತದೆ.

ಈ ಪ್ರಶ್ನೆ ನೆಟ್ಟಗೆ ನಾಟುವ ಜಾಗ ವೆಂಟಿಲೇಟರಿನ ಮಗ್ಗುಲು. ಯಂತ್ರ ಉಸಿರು ಕೊಡುತ್ತದೆ, ಅಳತೆ ತಪ್ಪಿದರೆ ಅದೇ ಉಸಿರಿನಿಂದ ಶ್ವಾಸಕೋಶವನ್ನು ಗಾಯಗೊಳಿಸುತ್ತದೆ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 861 ರೋಗಿಗಳ ಮೇಲೆ ನಡೆಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಪುರಾವೆ. ತೀವ್ರ ಉಸಿರಾಟದ ತೊಂದರೆಯಲ್ಲಿದ್ದ ಒಂದು ಗುಂಪಿಗೆ ಆಗಿನ ವಾಡಿಕೆಯಂತೆ ಒಂದೊಂದು ಉಸಿರಿಗೂ ದೇಹತೂಕದ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟರು. ಇನ್ನೊಂದು ಗುಂಪಿಗೆ 6. ಹೆಚ್ಚು ಗಾಳಿ ಪಡೆದವರಲ್ಲಿ ಶೇ 39.8 ಮಂದಿ ಸತ್ತರು, ಕಡಿಮೆ ಪಡೆದವರಲ್ಲಿ ಶೇ 31. ಗಾಳಿ ಹೆಚ್ಚಾದಷ್ಟೂ ಒಳ್ಳೆಯದೆಂಬ ಸದುದ್ದೇಶವೇ ಅಲ್ಲಿ ಪ್ರಾಣಕ್ಕೆ ಎರವಾಗಿತ್ತು. ಇಲ್ಲಿ ಲೆಕ್ಕಕ್ಕೆ ಹಿಡಿಯುವ ತೂಕ ತಕ್ಕಡಿಯ ತೂಕವಲ್ಲ; ಎತ್ತರ ಅಳೆದು, ಗಂಡಸೋ ಹೆಂಗಸೋ ನೋಡಿ ಗುಣಿಸಿ ತೆಗೆದದ್ದು. ಏಕೆಂದರೆ ಮೈ ದಪ್ಪವಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಗಿಡ್ಡ ಮೈಕಟ್ಟಿನ ಹೆಂಗಸಿಗೆ ಎತ್ತರ ಅಳೆಯದೆ ಕಣ್ಣಂದಾಜಿನಲ್ಲಿ ಸಂಖ್ಯೆ ಒತ್ತಿದರೆ ಯಾರ ದ್ವೇಷವೂ ಇಲ್ಲದೆ, ಯಾರ ಗಮನಕ್ಕೂ ಬಾರದೆ, ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಆ ತಪ್ಪು ನಡೆಯುತ್ತಲೇ ಇರುತ್ತದೆ. ಪ್ರಮಾದವೇ ಹಿಂಸೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ಸಿಗಲಾರದು.

ಹಾಗಾದರೆ ಒಬ್ಬೊಬ್ಬ ಥೆರಪಿಸ್ಟನೂ ಎಚ್ಚರವಾಗಿದ್ದರೆ ಸಾಕಲ್ಲ, ಸಂಘ ಯಾಕೆ? ವಾದದ ಗಂಟು ಇರುವುದು ಇಲ್ಲೇ. ಎಚ್ಚರ ಮನಸ್ಸಿನ ಗುಣ ಹೌದು, ಆದರೆ ಅದು ನಿಲ್ಲುವುದಕ್ಕೆ ಹೊರಗಿನ ಆಸರೆ ಬೇಕು. ಸರಿಯಾದ ಕಲಿಕೆಯಿಲ್ಲದವನ ಎಚ್ಚರ ಎಲ್ಲಿ ನೋಡಬೇಕೆಂದು ತಿಳಿಯದ ಎಚ್ಚರ. ಒಬ್ಬನ ಕೈಗೆ ಅಳತೆ ಮೀರಿ ರೋಗಿಗಳನ್ನು ಒಪ್ಪಿಸಿದರೆ, ಪಾಳಿಯ ಮೇಲೆ ಪಾಳಿ ಹೊರಿಸಿದರೆ ಅವನ ವ್ರತ ಎಷ್ಟೇ ಗಟ್ಟಿಯಿದ್ದರೂ ಕಣ್ಣು ಸೋಲುತ್ತದೆ. 1952ರಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಾಮ್ ಆಸ್ಪತ್ರೆಗೆ ಪೋಲಿಯೊ ರೋಗಿಗಳು ತುಂಬಿಕೊಂಡಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಸೂಚಿಸಿದ ವಿಧಾನದಂತೆ ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಸರದಿಯಲ್ಲಿ ನಿಂತು ರಬ್ಬರಿನ ಚೀಲ ಹಿಂಡಿ ಹಿಂಡಿ ರೋಗಿಗಳಿಗೆ ಉಸಿರು ಕೊಟ್ಟರು. ಅದಕ್ಕೆ ಮೊದಲು ಉಸಿರಾಟ ಸೋತವರಲ್ಲಿ ಬಹುಪಾಲು ಮಂದಿ ಸಾಯುತ್ತಿದ್ದರು. ಆಮೇಲೆ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಅವರಲ್ಲಿ ಯಾವನೊಬ್ಬನ ಕರುಣೆಯೂ ಆ ಕೆಲಸಕ್ಕೆ ಸಾಲುತ್ತಿರಲಿಲ್ಲ. ಕರುಣೆಗೆ ಸರದಿ ಪಟ್ಟಿ ಇದ್ದದ್ದರಿಂದ ಜೀವ ಉಳಿಯಿತು. ಇದರ ಕರಾಳ ಮಗ್ಗುಲನ್ನು ಕರ್ನಾಟಕ 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಕಂಡಿತು. ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ಸತ್ತ ಸುದ್ದಿ ಬೆಳಗಾಗುವುದರೊಳಗೆ ನಾಡೆಲ್ಲ ಹಬ್ಬಿತು. ಹಾಸಿಗೆಯ ಪಕ್ಕದಲ್ಲಿ ಎಷ್ಟೇ ದಯಾವಂತರು ನಿಂತಿದ್ದರೂ ಪೂರೈಕೆಯ ಸರಪಳಿಯಲ್ಲಿ ಎಚ್ಚರ ತಪ್ಪಿದರೆ ಆ ದಯೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಜೈನ ಧರ್ಮ ಈ ಸತ್ಯವನ್ನು ತನ್ನ ಕಟ್ಟೋಣದಲ್ಲೇ ಇಟ್ಟುಕೊಂಡಿದೆ. ಪ್ರತಿ ಜೀವವೂ ತನ್ನ ಕರ್ಮವನ್ನು ತಾನೇ ಹೊತ್ತು ತಾನೇ ಕಳೆದುಕೊಳ್ಳಬೇಕೆಂದು ಸಾರುವ ಮತ ಒಂಟಿ ಸಾಧಕರ ಗುಂಪಾಗಿ ಉಳಿಯಬಹುದಿತ್ತು. ಹಾಗಾಗದೆ ಅದು ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುರ್ವಿಧ ಸಂಘವಾಗಿ ನಿಂತಿತು. ಎಲ್ಲವನ್ನೂ ಬಿಟ್ಟ ದಿಗಂಬರ ಮುನಿಗೂ ಶುದ್ಧ ಆಹಾರ ನೀಡುವ ಮನೆ ಬೇಕು, ಆ ಮನೆಗೂ ಮುನಿಯ ಬೋಧೆ ಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವನ್ನು, ಅಂದರೆ ಶುಶ್ರೂಷೆಯನ್ನು, ಧ್ಯಾನದ ಸಾಲಿನಲ್ಲೇ ಕೂಡಿಸುತ್ತದೆ. ಆ ಶುಶ್ರೂಷೆಗೆ ಪಾತ್ರರಾದ ಹತ್ತು ಬಗೆಯವರನ್ನು ಹೆಸರಿಸುವಾಗ ರೋಗದಿಂದ ಬಳಲುವವನೂ ಬರುತ್ತಾನೆ, ಸಂಘವೂ ಬರುತ್ತದೆ. ಅಲ್ಲಿನ ಸಂಘ ಧಾರ್ಮಿಕ ಸಮುದಾಯ, ವೃತ್ತಿ ಸಂಘ ಲೌಕಿಕ ಕೂಟ. ಎರಡನ್ನೂ ಒಂದೇ ಎನ್ನಲು ಬರುವುದಿಲ್ಲ. ಆದರೂ ಅದರಿಂದ ಕಲಿಯಬೇಕಾದ ತರ್ಕ ಒಂದಿದೆ. ರೋಗಿಯನ್ನು ಕಾಯುವುದೂ ಕಾಯುವವರ ಒಕ್ಕೂಟವನ್ನು ಕಾಯುವುದೂ ಪರಸ್ಪರ ಎದುರಾಳಿಗಳಲ್ಲ, ಒಂದೇ ತಪಸ್ಸಿನ ಎರಡು ಬಾಬತ್ತುಗಳು.

ಉಸಿರಾಟ ಚಿಕಿತ್ಸೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1947ರಲ್ಲಿ ಷಿಕಾಗೊದಲ್ಲಿ ಇನ್‌ಹಲೇಷನಲ್ ಥೆರಪಿ ಅಸೋಸಿಯೇಷನ್ ಹುಟ್ಟಿದಾಗ ಈ ಕೆಲಸದವರು ಸಿಲಿಂಡರ್ ಹೊತ್ತು ತಿರುಗುವವರೆಂದೇ ಎಣಿಕೆ. ಅದೇ ಸಂಘ ಬೆಳೆದು ಇಂದಿನ ಅಮೆರಿಕನ್ ಅಸೋಸಿಯೇಷನ್ ಫಾರ್ ರೆಸ್ಪಿರೇಟರಿ ಕೇರ್ ಆಯಿತು. ನಮ್ಮಲ್ಲಿ ಇಂಡಿಯನ್ ಅಸೋಸಿಯೇಷನ್ ಆಫ್ ರೆಸ್ಪಿರೇಟರಿ ಕೇರ್ ಇದೆ. 2012ರಿಂದ ಅದಕ್ಕೊಂದು ಸಂಶೋಧನಾ ಪತ್ರಿಕೆಯೂ ಇದೆ. ಮಣಿಪಾಲ ಈ ವಿದ್ಯೆಯ ಹೆಸರಾಂತ ಕಲಿಕಾ ಕೇಂದ್ರ; ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯಲ್ಲೂ ಇದರ ಬಿ.ಎಸ್ಸಿ. ಓದಬಹುದು. ಇಷ್ಟಿದ್ದರೂ ಇಡೀ ದೇಶಕ್ಕೆ ಅನ್ವಯಿಸುವ ಕಲಿಕೆಯ ಕನಿಷ್ಠ ಮಟ್ಟ, ನೋಂದಣಿ ಪುಸ್ತಕ, ಶಿಸ್ತುಕ್ರಮ ಇವಕ್ಕೆ ಕಾನೂನಿನ ಚೌಕಟ್ಟು ಸಿಕ್ಕಿದ್ದು 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯಿಂದ. ಕಾಯ್ದೆ ಬಂದರೂ ಹಲವು ರಾಜ್ಯಗಳಲ್ಲಿ ಅದು ಕಾಗದದಲ್ಲೇ ಉಳಿದಿತ್ತು. ವೈದ್ಯಕೀಯ ತಂತ್ರಜ್ಞರ ಜಂಟಿ ವೇದಿಕೆಯೊಂದು ಸುಪ್ರೀಂ ಕೋರ್ಟಿನ ಕದ ತಟ್ಟಿದ ಮೇಲೆ, 2024ರ ಆಗಸ್ಟ್‌ನಲ್ಲಿ, ಎರಡು ತಿಂಗಳೊಳಗೆ ಜಾರಿಗೆ ತನ್ನಿರೆಂದು ನ್ಯಾಯಾಲಯ ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು. ತರಬೇತಿಯಿಲ್ಲದ ಕೈ ವೆಂಟಿಲೇಟರ್ ಮುಟ್ಟದಂತೆ ತಡೆಯುವುದು ರೋಗಿಯ ಹಿತ. ಆದರೆ ಐಸಿಯುನಲ್ಲಿ ಮಲಗಿದ ರೋಗಿ ಅರ್ಜಿ ಹಾಕಲಾರ. ಅವನ ಹಿತಕ್ಕಾಗಿ ಕೋರ್ಟಿಗೆ ಹೋಗುವ ತ್ರಾಣ ಇದ್ದದ್ದು ಸಂಘಟಿತರಾದ ಕೆಲಸಗಾರರಿಗೆ.

ಮೊದಲ ಆಕ್ಷೇಪ ನಿಷ್ಕಾಮದ ಕಡೆಯಿಂದ ಬರುತ್ತದೆ. ಫಲ ಬಯಸಿ ಮಾಡಿದ ಸೇವೆ ಸೇವೆಯೇ? ಅಪರಿಗ್ರಹ ಹೇಳುವ ಧರ್ಮದಲ್ಲಿ ಸಂಬಳದ ಚೌಕಾಸಿಗೆ ಎಡೆಯೆಲ್ಲಿ? ಆಕ್ಷೇಪ ದೊಡ್ಡದು, ಆದರೆ ತ್ಯಾಗವನ್ನು ಯಾರು ಮಾಡಬೇಕೆಂಬುದನ್ನು ಅದು ಮರೆಯುತ್ತದೆ. ತ್ಯಾಗ ಮಾಡುವವನು ತಾನಾಗಿ ಬಿಟ್ಟರೆ ಅದು ವ್ರತ. ಮಾಲೀಕನೋ ಸರಕಾರವೋ ಅವನಿಂದ ಬಿಡಿಸಿಕೊಂಡರೆ ಅದು ದುಡಿಮೆಯ ಸುಲಿಗೆ. ಇದನ್ನು ನಿಪ್ಪಾಣಿಗೆ ಹೊಸದಾಗಿ ಹೇಳಬೇಕಿಲ್ಲ. ಅಲ್ಲಿನ ತಂಬಾಕು ಕಾರ್ಖಾನೆಗಳ ಧೂಳಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದ ಕಥೆಯನ್ನು ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ತಮ್ಮ ದುಡಿಮೆಗೆ ಬೆಲೆ ಕೇಳಿದ್ದಕ್ಕೆ ಅವರನ್ನು ಆಸೆಬುರುಕರೆಂದು ಯಾವ ಧರ್ಮ ಕರೆದೀತು? ಇತ್ತ ಶರಣರ ಕಾಯಕ ತತ್ತ್ವ ಇನ್ನೊಂದು ಬದಿಯ ಗಡಿಯನ್ನು ಕಾಯುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಮಡದಿ ಲಕ್ಕಮ್ಮ ಮರಳಿಸಿದಳು. ಅವಳು ಬೇಡವೆಂದದ್ದು ಹೆಚ್ಚಿನ ಪಾಲನ್ನು. ಮನೆಗೆ ಬೇಕಾದಷ್ಟನ್ನು ಬೇಡವೆನ್ನಲಿಲ್ಲ. ಸಂಘದ ಬೇಡಿಕೆ ಪಟ್ಟಿಗೆ ಇದೇ ಒರೆಗಲ್ಲು. ಹಾಸಿಗೆಯ ಬಳಿ ಎಚ್ಚರವನ್ನು ಉಳಿಸುವ ಬೇಡಿಕೆ ಧರ್ಮಸಮ್ಮತ: ತಕ್ಕ ಸಂಬಳ, ಮಿತವಾದ ಪಾಳಿ, ರೋಗಿಗಳ ಸಂಖ್ಯೆಗೆ ಮಿತಿ, ನಿರಂತರ ಕಲಿಕೆ. ಅದಕ್ಕೆ ಸಂಬಂಧವಿಲ್ಲದ ಬೇಡಿಕೆ ಅನ್ಯಾಯವೇ ಎಂದಲ್ಲ, ಆದರೆ ಅದು ಉಸಿರಿನ ಹೆಸರು ಹೇಳಿ ಬರಬಾರದು.

ಎರಡನೆಯ ಆಕ್ಷೇಪ ಹೆಚ್ಚು ಕಟುವಾದದ್ದು. ವೃತ್ತಿ ಸಂಘಗಳು ಜನರ ಹಿತದ ಮಾತಾಡಿ ತಮ್ಮವರ ತಪ್ಪು ಮುಚ್ಚುತ್ತವೆ, ಹೊರಗಿನವರಿಗೆ ಬಾಗಿಲು ಹಾಕುತ್ತವೆ. ವೃತ್ತಿಗಳೆಲ್ಲ ಜನಸಾಮಾನ್ಯರ ವಿರುದ್ಧದ ಒಳಸಂಚು ಎಂಬ ಅರ್ಥದ ಮಾತನ್ನು ಬರ್ನಾರ್ಡ್ ಷಾ ಶತಮಾನದ ಹಿಂದೆಯೇ ವೈದ್ಯರನ್ನು ಕುರಿತ ನಾಟಕದಲ್ಲಿ ಆಡಿಸಿದ್ದ. ಇದು ಸುಳ್ಳಲ್ಲ, ಸಂಘಕ್ಕೂ ಪ್ರಮಾದವಿದೆ. ಅದಕ್ಕೆ ಪರಿಹಾರ ಸಂಘವನ್ನು ಮುಚ್ಚುವುದಲ್ಲ, ಅದರ ಕೈಯಿಂದ ತೀರ್ಪಿನ ಅಧಿಕಾರ ತೆಗೆದಿಡುವುದು. ಕೆನಡಾದ ಒಂಟಾರಿಯೊ ಪ್ರಾಂತ 1991ರ ರೆಸ್ಪಿರೇಟರಿ ಥೆರಪಿ ಕಾಯ್ದೆಯಡಿ ಹಾಗೆಯೇ ಮಾಡಿದೆ. ಥೆರಪಿಸ್ಟರ ನೋಂದಣಿ, ದೂರಿನ ವಿಚಾರಣೆ, ಶಿಸ್ತು ಎಲ್ಲ ಸಾರ್ವಜನಿಕರ ಹಿತಕ್ಕೆ ಬದ್ಧವಾದ ಒಂದು ಶಾಸನಬದ್ಧ ಸಂಸ್ಥೆಯ ಪಾಲು. ಥೆರಪಿಸ್ಟರ ಪರ ದನಿಯೆತ್ತುವುದು ರೆಸ್ಪಿರೇಟರಿ ಥೆರಪಿ ಸೊಸೈಟಿ ಎಂಬ ಬೇರೆಯೇ ಸಂಘದ ಪಾಲು. ವಕೀಲನೇ ನ್ಯಾಯಾಧೀಶನಾಗದಂಥ ವ್ಯವಸ್ಥೆ ಇದು. ನಮ್ಮ 2021ರ ಕಾಯ್ದೆಯ ಆಯೋಗ ಮತ್ತು ರಾಜ್ಯ ಪರಿಷತ್ತುಗಳೂ ಇದಕ್ಕೆ ದಾರಿ ಮಾಡಿವೆ. ಸಂಘದವರು ಪರಿಷತ್ತನ್ನು ಒಳಗಿಂದೊಳಗೆ ಹಿಡಿದಿಟ್ಟುಕೊಳ್ಳದೆ ಇದ್ದರೆ ಈ ಆಕ್ಷೇಪದ ಮೊನೆ ಮೊಂಡಾಗುತ್ತದೆ.

ಮೂರನೆಯ ಆಕ್ಷೇಪ ಈ ಭಾಗದ್ದೇ. ಭೋಜದ ಶಾಂತಿಸಾಗರ ಮುನಿಗಳು 1955ರಲ್ಲಿ ಕುಂಥಲಗಿರಿಯಲ್ಲಿ, ಸದಲಗಾದಲ್ಲಿ ಹುಟ್ಟಿದ ವಿದ್ಯಾಸಾಗರ ಮುನಿಗಳು 2024ರ ಫೆಬ್ರುವರಿಯಲ್ಲಿ ಡೊಂಗರಗಢದಲ್ಲಿ ಸಲ್ಲೇಖನದಿಂದ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ವ್ರತದಿಂದ, ದೇಹ ಬಿಟ್ಟರು. ಅವರನ್ನು ಪೂಜಿಸುವ ಜನ ಉಸಿರನ್ನು ಹೇಗಾದರೂ ಮಾಡಿ ಹಿಡಿದಿಡುವ ವೃತ್ತಿಯನ್ನು ಧರ್ಮವೆನ್ನುವುದು ಹೇಗೆ? ಸಲ್ಲೇಖನ ವ್ರತಿ ತನ್ನ ಅರಿವಿನಿಂದ ತನಗಾಗಿ ಕೈಗೊಳ್ಳುವ ನಿರ್ಧಾರ. ಯಂತ್ರಕ್ಕೆ ತಗುಲಿಸಿದ ರೋಗಿಯ ವಿಷಯದಲ್ಲಿ ನಿರ್ಧರಿಸುವವರು ಬೇರೆಯವರು. ಎರಡನ್ನೂ ಬೆರೆಸಬಾರದು. ಆದರೂ ಆಕ್ಷೇಪದಲ್ಲಿ ಉಳಿಸಿಕೊಳ್ಳಬೇಕಾದ ತಿರುಳಿದೆ. ಉಸಿರು ಉದ್ದವಾದಷ್ಟೂ ಒಳ್ಳೆಯದೆಂಬುದು ಜೈನ ನಿಲುವಲ್ಲ, ಒಳ್ಳೆಯ ವೈದ್ಯದ ನಿಲುವೂ ಅಲ್ಲ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದನ್ನು ಜಾರಿಗೊಳಿಸುವ ಆದೇಶವನ್ನು ಕರ್ನಾಟಕ 2025ರ ಜನವರಿಯಲ್ಲಿ ಹೊರಡಿಸಿತು. ಆ ನಿರ್ಧಾರವಾದ ಮೇಲೆ ವೆಂಟಿಲೇಟರ್ ಬಿಡಿಸುವ ಕೆಲಸ ಎಷ್ಟೋ ಕಡೆ ಥೆರಪಿಸ್ಟನ ಕೈಗೇ ಬರುತ್ತದೆ. ಉಸಿರು ಹತ್ತುವ ಸಂಕಟವಾಗದಂತೆ ಅದನ್ನು ಮಾಡುವ ವಿದ್ಯೆ, ಕಾನೂನಿನ ಕಾಗದ ಸರಿಯಿಲ್ಲದಿದ್ದರೆ ಆಗದು ಎನ್ನುವ ಧೈರ್ಯ, ಹಾಗೆಂದ ಮೇಲೆ ಕೆಲಸ ಹೋಗದೆಂಬ ಭರವಸೆ ಇವನ್ನು ಒಂಟಿ ನೌಕರನಿಗೆ ಕೊಡಬಲ್ಲದ್ದು ಸಂಘವೇ.

ಇಷ್ಟಕ್ಕೂ ಇದೆಲ್ಲ ಜುಗೂಳಕ್ಕೆ ಏನು? ಹೊಳೆಯ ಆಚೆ ಖಿದ್ರಾಪುರ, ಮಹಾರಾಷ್ಟ್ರ. ಬೆಳಗಾವಿಗಿಂತ ಮಿರಜ ಹತ್ತಿರ. 19ನೇ ಶತಮಾನದ ಕೊನೆಯಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಈ ಕಡೆಯ ರೋಗಿಗಳು ಅತ್ತ ಹೋಗುತ್ತಲೇ ಇದ್ದಾರೆ. ರೋಗಿ ಗಡಿ ದಾಟುವಾಗ ಅವನ ಶ್ವಾಸಕೋಶ ಬದಲಾಗುವುದಿಲ್ಲ. ಅವನನ್ನು ನೋಡುವವರ ಕಲಿಕೆಯ ಮಟ್ಟವೂ ಬದಲಾಗಬಾರದು. ಕೇಂದ್ರ ನೋಂದಣಿ ಪುಸ್ತಕ, ಎರಡೂ ರಾಜ್ಯ ಪರಿಷತ್ತುಗಳಲ್ಲಿ ಒಂದೇ ಕನಿಷ್ಠ ಅಳತೆ ಎಂಬ ಒಣ ಆಡಳಿತದ ಮಾತು ಗಡಿಯ ಹಳ್ಳಿಗೆ ಜೀವದ ಮಾತಾಗುವುದು ಹೀಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಕೊಳ್ಳುವಾಗಲೇ ಅದನ್ನು ಬಲ್ಲವರ ಹುದ್ದೆಯನ್ನೂ ಮಂಜೂರು ಮಾಡಿರೆಂದು ಕೇಳುವುದು ಸಂಘದ ಮೊದಲ ಬೇಡಿಕೆಯಾಗಲಿ. ಸಂಬಳದ ಬೇಡಿಕೆ ಅದರ ಬೆನ್ನಿಗೆ ಬಂದರೆ ಯಾರೂ ಮುಜುಗರ ಪಡಬೇಕಾಗಿಲ್ಲ. ಇರುವೆಯ ಮೇಲೆ ಕಾಲಿಡದಂತೆ ನೆಲ ನೋಡಿ ನಡೆಯುವ ಮುನಿಗಳಿಗೆ ಕೈಮುಗಿಯುವ ಸಮಾಜ, ತನ್ನ ಆಸ್ಪತ್ರೆಗಳಲ್ಲಿ ಆ ಎಚ್ಚರಕ್ಕೆ ಬೇಕಾದ ಜನ, ಕಲಿಕೆ, ಬಿಡುವು ಒದಗಿಸುವ ಖರ್ಚನ್ನೂ ತನ್ನ ಅಹಿಂಸೆಯ ಲೆಕ್ಕಕ್ಕೇ ಬರೆದುಕೊಳ್ಳಬೇಕು.