ಹಾಸಿಗೆ ಹೊತ್ತ ನಾಲ್ವರು

ಇವತ್ತಿನ ವಾಕ್ಯಭಾಗ ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯ, 1ರಿಂದ 12ನೇ ವಚನ. ಸತ್ಯವೇದ ತಂದವರು ತೆಗೀರಿ. ಫೋನಲ್ಲಿ ಓದೋರು ಫೋನ್ ತೆಗೀರಿ, ಆದ್ರೆ ವಾಟ್ಸಾಪ್ ಬೇಡ, ಆಯ್ತಾ?

ಈ ಭಾಗ ನಿಮಗೆ ಸಂಡೇ ಸ್ಕೂಲಿಂದ ಗೊತ್ತು. ಕಪೆರ್ನೌಮಿನಲ್ಲಿ ಒಂದು ಮನೆ. ಬಾಗಿಲ ತನಕ ಜನ. ಯೇಸು ಒಳಗೆ ವಾಕ್ಯ ಹೇಳುತ್ತಿದ್ದಾನೆ. ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ಕೊಂಡು ಬರ್ತಾರೆ, ಒಳಗೆ ಹೋಗೋಕೆ ಜಾಗ ಇಲ್ಲ. ಮಾಳಿಗೆ ಹತ್ತಿ, ಅಗೆದು, ದೊಡ್ಡ ತೂತು ಮಾಡಿ, ಹಾಸಿಗೆ ಸಮೇತ ಇಳಿಸ್ತಾರೆ. ವಿಜಯಪುರ, ರಾಯಚೂರು ಕಡೆಯವರಿಗೆ ಮಣ್ಣಿನ ಮಾಳಿಗೆ ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ. ಅಗೆದ್ರೆ ಮಣ್ಣು ಕೆಳಗಿದ್ದವರ ತಲೆ ಮೇಲೇ ಬೀಳೋದು.

ಈಗ ಒಂದು ಪ್ರಶ್ನೆ. ಈ 12 ವಚನಗಳಲ್ಲಿ ಆ ರೋಗಿ ಏನು ಮಾತಾಡಿದ? ಹುಡುಕಿ ನೋಡಿ. ಒಂದು ಮಾತೂ ಇಲ್ಲ! ಅವನು ಪ್ರಾರ್ಥಿಸಿದ ಅಂತಿಲ್ಲ, ಅತ್ತ ಅಂತಿಲ್ಲ. ಯೇಸು ನೋಡಿದ್ದು ಯಾರ ನಂಬಿಕೆಯನ್ನ? ಮಾರ್ಕನು ಬಹುವಚನದಲ್ಲಿ ಬರೆಯುತ್ತಾನೆ. ಅವರ ನಂಬಿಕೆ. ಹೊತ್ತು ತಂದವರ ನಂಬಿಕೆಯೂ ಅಲ್ಲಿ ಲೆಕ್ಕಕ್ಕೆ ಬಂತು, ದೇವರ ಮಕ್ಕಳೇ.

ಇದನ್ನ ಇವತ್ತು ಯಾಕೆ ಹೇಳ್ತಿದ್ದೀನಿ? ನಮ್ಮ ಮಧ್ಯೆ ಇರುವ ಒಬ್ಬ ಸಹೋದರಿ, ಅವರ ಅನುಮತಿ ತಗೊಂಡು, ಹೆಸರು ಹೇಳದೆ ಹೇಳ್ತೀನಿ. ಮೂವತ್ತರ ಆಸುಪಾಸು. ಐಟಿ ಕೆಲಸ, ಪಿಜಿಯಲ್ಲಿ ವಾಸ, ಅಪ್ಪ ಅಮ್ಮ ಊರಲ್ಲಿ. ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ತು. ಸ್ಕ್ಯಾನಿಂಗ್, ಬಯಾಪ್ಸಿ. ಗುರುವಾರ ರಿಪೋರ್ಟ್ ಬಂತು, ಸ್ತನ ಕ್ಯಾನ್ಸರ್. ಭಾನುವಾರ ಆರಾಧನೆಗೆ ಬಂದ್ರು, ಎಲ್ಲರ ಜೊತೆ ಕೈ ಎತ್ತಿ ಹಾಡಿದ್ರು, ಹೋದ್ರು. ಏಳು ವಾರ ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದಿದ್ದು ಪಿಜಿ ರೂಮ್‌ಮೇಟ್‌ಗೆ. ಆ ಹುಡುಗಿ ನಮ್ಮ ಸಭೆಯವಳಲ್ಲ, ಕ್ರೈಸ್ತಳೂ ಅಲ್ಲ. ಅವಳೇ ಆಫೀಸಿಗೆ ರಜೆ ಹಾಕಿ ಬಯಾಪ್ಸಿಗೆ ಜೊತೆ ಹೋದವಳು, ಫೈಲ್ ಹಿಡ್ಕೊಂಡು ಕೂತವಳು. ದೇವರು ಆಕೆಯನ್ನು ಆಶೀರ್ವದಿಸಲಿ! ಹಾಸಿಗೆಯ ಒಂದು ಮೂಲೆಯನ್ನ ಆಕೆ ಹಿಡಿದಿದ್ದಳು. ಉಳಿದ ಮೂರು ಮೂಲೆ?

ಸಭೆಗೆ ಯಾಕಮ್ಮ ಹೇಳಲಿಲ್ಲ ಅಂತ ಕೇಳಿದೆ. ಮೊದಲನೇದು ಆ ಪದವೇ. ಹೊಟ್ಟೆನೋವು ಅಂತ ಬ್ರದರ್‌ಗಳ ಮುಂದೆ ಹೇಳಬಹುದು, ಇದನ್ನ ಹೇಗೆ ಹೇಳೋದು ಪಾಸ್ಟರ್ ಅಂದ್ರು. ಎರಡನೇದು, ಮದುವೆ ಮಾತುಕತೆ ನಡೀತಾ ಇತ್ತು, ಸುದ್ದಿ ಊರು ತಲುಪಿದ್ರೆ? ಮೂರನೇದು ಹೇಳುವಾಗ ತಲೆ ತಗ್ಗಿಸಿದ್ರು. ನನ್ನ ನಂಬಿಕೆ ಕಡಿಮೆ ಅಂತಾರೆ, ಅದನ್ನ ಕೇಳೋ ಶಕ್ತಿ ನನಗಿಲ್ಲ ಅಂದ್ರು.

ಪ್ರಿಯರೇ, ಈ ಮೂರನೇ ಮಾತಿನ ಹತ್ರ ಸ್ವಲ್ಪ ನಿಲ್ಲಬೇಕು. ನಾವು ಪೆಂತೆಕೊಸ್ತಿನವರು. ದೈವಿಕ ಸ್ವಸ್ಥತೆಯನ್ನು ನಂಬುತ್ತೇವೆ, ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇವೆ, ಅದನ್ನ ಬಿಡೋದಿಲ್ಲ. ಹಲ್ಲೆಲೂಯ! ಆದರೆ ಕೀಮೋ ಹಾಕಿಸಿಕೊಂಡು ಸುಸ್ತಾಗಿ ಮಲಗಿರುವ ಮಗಳ ಹತ್ರ ಹೋಗಿ, ನಿನಗೆ ನಂಬಿಕೆ ಇದ್ದಿದ್ರೆ ಇದು ಬರ್ತಿರಲಿಲ್ಲ ಅನ್ನೋದು ಸುವಾರ್ತೆ ಅಲ್ಲ. ಯಾವ ಪಾಪಕ್ಕೆ ಈ ರೋಗ ಅಂತ ಹುಡುಕೋದೂ ಅಲ್ಲ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಅದೇ ಪ್ರಶ್ನೆ ಕೇಳಿದ್ರು. ಅವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಅಂತ ಯೇಸು ಆ ಲೆಕ್ಕವನ್ನೇ ಹೊಡೆದು ಹಾಕಿದನು. ಯಾಕೋಬನ ಪತ್ರಿಕೆ ಐದನೇ ಅಧ್ಯಾಯ ಓದಿ. ರೋಗಿ ಹಿರಿಯರನ್ನ ಕರೆಯಬೇಕು ಅಂತಿದೆ. ಅಂದ್ರೆ ಹಿರಿಯರು ಎದ್ದು ಆಕೆ ಇರೋ ಕಡೆ ಹೋಗ್ಬೇಕು. ನಂಬಿಕೆಯ ಪ್ರಾರ್ಥನೆ ಮಾಡೋ ಭಾರ ಅಲ್ಲಿ ಹಿರಿಯರ ಮೇಲಿದೆ.

ಔಷಧಿ ನಿಲ್ಲಿಸು, ಕರ್ತನನ್ನು ನಂಬು ಅಂತ ಯಾರಾದ್ರೂ ಹೇಳಿದ್ರೆ, ಅದು ನಮ್ಮ ಸಭೆಯ ಉಪದೇಶ ಅಲ್ಲ. ಪೌಲನ ಜೊತೆ ಕೊನೇತನಕ ಇದ್ದ ಲೂಕ ವೈದ್ಯ. ಆಸ್ಪತ್ರೆಗೂ ಹೋಗಿ, ಪ್ರಾರ್ಥನೆಗೂ ಬನ್ನಿ. ಡಾಕ್ಟರ್ ಟೆಸ್ಟ್ ಮಾಡಿ ಹೇಳುವ ಮುಂಚೆ, ಈ ಸಹೋದರಿ ಸ್ವಸ್ಥಳಾದಳು ಅಂತ ಸ್ಟೇಜ್ ಮೇಲೆ ಘೋಷಿಸೋದೂ ಬೇಡ. ಸಾಕ್ಷಿ ಆಕೆಯದು. ಆಕೆ ಹೇಳಿದಾಗ ಕೇಳೋಣ.

ಇದು ಎಲ್ಲೋ ಒಬ್ಬರಿಗೆ ಬರೋ ಕಾಯಿಲೆ ಅಂದ್ಕೊಂಡಿದ್ದೀರಾ? ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಇದೇ. ಲೋಕದಾದ್ಯಂತ 2022ರ ಒಂದೇ ವರ್ಷದಲ್ಲಿ ಸುಮಾರು 23 ಲಕ್ಷ ಹೆಂಗಸರಿಗೆ ಇದು ಪತ್ತೆಯಾಯ್ತು. ಅಪರೂಪವಾಗಿ ಗಂಡಸರಿಗೂ ಬರುತ್ತೆ, ಬ್ರದರ್ಸ್. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಬೆಳಿಗ್ಗೆ ಅದರ ಮುಂದೆ ಹೋಗಿ ನಿಂತು ನೋಡಿ. ಬೀದರ್‌ನಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸಿಗೆ ಬಂದ ಹೆಂಗಸರು, ಕೈಯಲ್ಲಿ ಫೈಲು, ಮಡಿಲಲ್ಲಿ ಟಿಫಿನ್ ಡಬ್ಬಿ. ಅವರಲ್ಲಿ ಎಷ್ಟೋ ಜನಕ್ಕೆ ಪಕ್ಕದ ಬೆಂಚಿನಲ್ಲಿ ಕೂತ ಇನ್ನೊಬ್ಬ ರೋಗಿಯೇ ಅಕ್ಕ, ತಂಗಿ. ಯಾವ ಮಾತ್ರೆಗೆ ವಾಂತಿ ಆಗುತ್ತೆ, ಕೂದಲು ಉದುರೋಕೆ ಶುರುವಾದಾಗ ಏನು ಮಾಡ್ಬೇಕು, ಇದನ್ನೆಲ್ಲ ಅಲ್ಲೇ ಕಲೀತಾರೆ.

ಹಾದಿಯಲ್ಲಿ ಮುಂದೆ ಹೋದವರು ಹಿಂದೆ ಬರೋರಿಗೆ ಕೈ ಕೊಡೋದು ಅಂದ್ರೆ ಇದೇ. ನ್ಯೂಯಾರ್ಕಿನಲ್ಲಿ 1952ರಲ್ಲಿ ಟೆರೀಸ್ ಲ್ಯಾಸರ್ ಎಂಬ ಹೆಂಗಸಿಗೆ ಸ್ತನ ತೆಗೆಯುವ ಆಪರೇಷನ್ ಆಯ್ತು. ಆಮೇಲೆ ಕೈ ಎತ್ತೋದು ಹೇಗೆ, ಬಟ್ಟೆ ಹಾಕ್ಕೊಳ್ಳೋದು ಹೇಗೆ, ಹೇಳೋರು ಯಾರೂ ಇರಲಿಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಕೈ ವ್ಯಾಯಾಮಕ್ಕೆ ಚೆಂಡು, ಹಗ್ಗ ಇಟ್ಕೊಂಡು ಆಸ್ಪತ್ರೆಗಳಲ್ಲಿ ಬೇರೆ ಹೆಂಗಸರ ಹಾಸಿಗೆ ಪಕ್ಕ ಹೋಗಿ ಕೂತಳು. ಅಲ್ಲಿಂದ ರೀಚ್ ಟು ರಿಕವರಿ ಅನ್ನೋ ಸೇವೆ ಹುಟ್ಟಿ, ಹಲವು ದೇಶಗಳಿಗೆ ಹಬ್ಬಿತು.

ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಜೊತೆಗೆ ಜನ ಇದ್ರೆ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ನಾನು ಹೇಳ್ತಿಲ್ಲ. ಕೆನಡಾದಲ್ಲಿ, ಸ್ತನ ಕ್ಯಾನ್ಸರ್ ಮೈಯೆಲ್ಲ ಹರಡಿದ್ದ 235 ಹೆಂಗಸರ ಮೇಲೆ ಒಂದು ಅಧ್ಯಯನ ನಡೀತು, 2001ರಲ್ಲಿ ಪ್ರಕಟವಾಯ್ತು. ವಾರವಾರ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿದವರ ಆಯುಸ್ಸು ಅದರಿಂದ ಹೆಚ್ಚಲಿಲ್ಲ. ಆದರೆ ಅವರ ಮನಸ್ಸಿನ ಸಂಕಟ ಕಡಿಮೆಯಾಯ್ತು, ನೋವೂ ಕಡಿಮೆ ಅನ್ನಿಸ್ತು. ಇದು ಸಣ್ಣ ವಿಷಯನಾ? ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ಮೂವರನ್ನ ಹತ್ರ ಇರಿ, ಎಚ್ಚರ ಇರಿ ಅಂತ ಕೇಳಿಕೊಂಡನು. ಅವರಿದ್ರೆ ಶಿಲುಬೆ ತಪ್ಪುತ್ತೆ ಅಂತಲ್ಲ. ಆ ರಾತ್ರಿ ಆತನಿಗೂ ಜೊತೆ ಬೇಕಿತ್ತು. ಆ ಮೂವರು ನಿದ್ದೆ ಹೋದ್ರು, ಅದು ಬೇರೆ ಮಾತು.

ಈಗ ಯೂತ್‌ನವರು ಕೇಳಿ. ಮಾಳಿಗೆ ಹತ್ತೋ ವಯಸ್ಸು ನಿಮ್ಮದು. ಸಾಮಾನ್ಯವಾಗಿ ಮೂರು ವಾರಕ್ಕೊಂದು ಕೀಮೋ ಇರುತ್ತೆ. ಹಾಕಿದ ಒಂದೆರಡು ವಾರದಲ್ಲಿ ರಕ್ತದ ಬಿಳಿ ಕಣ ತೀರಾ ಇಳಿದಿರುತ್ತೆ, ಆಗ ಹತ್ತು ಜನ ಗಿಟಾರ್ ಹಿಡ್ಕೊಂಡು ಆ ಸಣ್ಣ ರೂಮಿಗೆ ನುಗ್ಗಬೇಡಿ. ನೆಗಡಿ ಇದ್ದವನು ಫೋನಲ್ಲೇ ಪ್ರಾರ್ಥಿಸಲಿ. ಆಕೆಗೆ ಜ್ವರ 100.4 ದಾಟಿದ್ರೆ ಮೊದಲು ಗಾಡಿ ತೆಗೀರಿ, ಪ್ರಾರ್ಥನೆ ದಾರಿಯಲ್ಲಿ. ಬಿರಿಯಾನಿ ತಗೊಂಡು ಹೋಗ್ಬೇಡಿ, ವಾಸನೆಗೇ ವಾಂತಿ ಬರುತ್ತೆ. ಆ ಸಹೋದರಿ ಕೇಳಿದ್ದು ರಾಗಿ ಗಂಜಿ. ಏನು ಬೇಕು ಅಂತ ಕೇಳಿ ಮಾಡ್ಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋಗಿ ಕ್ಯೂನಲ್ಲಿ ನಿಂತ್ಕೊಳ್ಳಿ. ಇನ್ಶೂರೆನ್ಸ್ ಪೇಪರ್ ತುಂಬೋದು ನಿಮಗೆ ಬರುತ್ತೆ, ಊರಿಂದ ಬಂದ ಅವರ ಅಪ್ಪನಿಗೆ ಬರಲ್ಲ.

ಪ್ರೇಯರ್ ಗ್ರೂಪಿಗೆ ಹೆಸರು ಹಾಕುವ ಮುಂಚೆ ಆಕೆಯನ್ನ ಕೇಳಿ. ಫೋಟೋ ಬೇಡವೇ ಬೇಡ. ಒಂದು ಫಾರ್ವರ್ಡ್ ಸಾಕು, ಆಕೆ ಇನ್ನೂ ಅಮ್ಮನಿಗೆ ಹೇಳದ ಸುದ್ದಿ ಹಾಸನದ ಚಿಕ್ಕಮ್ಮನ ಫೋನಿಗೆ ಬರುತ್ತೆ.

ಮಾತಾಡೋಕೆ ಏನೂ ತೋಚದಿದ್ರೆ ಮಾತಾಡಬೇಡಿ. ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಇನ್ನೊಂದು. ರೇಡಿಯೇಷನ್ ಮುಗಿದು ಕೂದಲು ಬಂದ ಮೇಲೆ ಎಲ್ಲರೂ ಮಾಯ ಆಗ್ತಾರೆ. ಆದರೆ ಎಷ್ಟೋ ಜನಕ್ಕೆ ಐದರಿಂದ ಹತ್ತು ವರ್ಷ ಮಾತ್ರೆ ಇರುತ್ತೆ, ಪ್ರತಿ ಚೆಕಪ್‌ಗೂ ಹಿಂದಿನ ರಾತ್ರಿ ನಿದ್ದೆ ಬರಲ್ಲ. ಆ ರಾತ್ರಿ ಯಾರು ಫೋನ್ ಮಾಡ್ತೀರಾ? ಮನಸ್ಸು ತೀರಾ ಕುಸಿದಾಗ 14416ಕ್ಕೆ ಕರೆ ಮಾಡಿ, ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದು ಅಪನಂಬಿಕೆ ಅಲ್ಲ.

ಇವತ್ತು ಇಲ್ಲಿ ಯಾರಾದ್ರೂ ಒಂದು ಗಂಟನ್ನ, ಒಂದು ರಿಪೋರ್ಟನ್ನ ಬಚ್ಚಿಟ್ಕೊಂಡು ಕೂತಿದ್ರೆ, ಸ್ಟೇಜ್ ಹತ್ರ ಬರ್ಬೇಕಾಗಿಲ್ಲ. ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಪಾಸ್ಟರಮ್ಮ ಇರ್ತಾರೆ, ಆ ಸಹೋದರಿಯೂ ಇರ್ತಾರೆ. ಅಲ್ಲಿ ಗಂಡಸರು ಇರಲ್ಲ. ಪರೀಕ್ಷೆಗೆ ಒಬ್ಬಳೇ ಹೋಗ್ಬೇಡಿ, ಅವರು ಜೊತೆಗೆ ಬರ್ತಾರೆ.

ಕಣ್ಣು ಮುಚ್ಚೋಣ. ಕರುಣೆಯುಳ್ಳ ತಂದೆಯೇ, ಈ ವಾರ ಕೀಮೋಗೆ ಹೋಗುವ ನಿನ್ನ ಮಗಳನ್ನು ಬಲಪಡಿಸು. ಆಕೆಯ ತಂದೆತಾಯಿಗೆ ಧೈರ್ಯ ಕೊಡು. ಆ ರೂಮ್‌ಮೇಟ್ ಹುಡುಗಿಯನ್ನು ಆಶೀರ್ವದಿಸು. ಚಿಕಿತ್ಸೆ ಮಾಡುವ ವೈದ್ಯರ, ನರ್ಸ್‌ಗಳ ಕೈಗಳನ್ನು ನಡೆಸು. ಸ್ವಸ್ಥಪಡಿಸು ಕರ್ತನೇ, ಮತ್ತು ಆ ದಿನದ ತನಕ ಮೂಲೆ ಬಿಡದೆ ಹಿಡಿಯುವ ಕೈಗಳನ್ನು ಈ ಸಭೆಯಿಂದ ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.